ಹಳೆ ಮನೆಯನ್ನು ಒಂದೇ ಸಲಕ್ಕೆ ಹೊಸದು ಮಾಡಬೇಕೆ?

ಹಳೆ ಮನೆಗೆ ಎಷ್ಟು ಸುರಿದರೂ ಸಾಲದು, ಕೆಡವಿ ಕಟ್ಟುವುದೇ ವಾಸಿ. ಉಳಿಸಿಕೊಳ್ಳಲೇಬೇಕೆಂದಿದ್ದರೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿಬಿಡಿ. ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಮನೆಯಿರುವವರಿಗೆ ನೆಂಟರೂ ಕಂಟ್ರಾಕ್ಟರೂ ಒಂದೇ ದನಿಯಲ್ಲಿ ಹೇಳುವ ಬುದ್ಧಿಮಾತಿದು. ವರ್ಷಕ್ಕೊಂದು ಕೋಣೆ ಎಂದು ರಿಪೇರಿ ಮಾಡಿಸುವವರ ಕೈಯಲ್ಲಿ ಕಾಸಿಲ್ಲ ಎಂಬ ಅನುಕಂಪವೂ ಅದರ ಹಿಂದೆಯೇ ಬರುತ್ತದೆ. ಆದರೆ ಈ ಮನೆಗಳನ್ನು ಕಟ್ಟಿರುವ ರೀತಿ ನೋಡಿದರೆ, ಬಿಡಿಬಿಡಿಯಾಗಿ ದುರಸ್ತಿಯಾಗಲೆಂದೇ ಕಟ್ಟಿದಂತಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಒಡೆದದ್ದನ್ನು ಎತ್ತಿ ಇನ್ನೊಂದನ್ನು ಕೂರಿಸಿದರೆ ಸೋರುವುದು ನಿಂತಿತು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವ ರೂಢಿ ಬಡತನದಿಂದ ಬಂದದ್ದಲ್ಲ.

ಸಿಮೆಂಟ್ ಬಳಿದರೆ ಹಳೆ ಗೋಡೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಮಾಡಿರುವಷ್ಟು ಹಾನಿಯನ್ನು ಗೆದ್ದಲೂ ಮಾಡಿರಲಾರದು. ಮಣ್ಣು, ಸುಣ್ಣದ ಗಾರೆ, ಮೆತ್ತನೆಯ ಇಟ್ಟಿಗೆಗಳ ಗೋಡೆ ನೆಲದಿಂದ ತೇವ ಹೀರುತ್ತದೆ. ಅದನ್ನು ತಡೆಯುವ ಪದರ ಸಾಮಾನ್ಯವಾಗಿ ಅದರ ಬುಡದಲ್ಲಿರುವುದಿಲ್ಲ. ಹೀರಿದ ನೀರು ಸುಣ್ಣದ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಆ ದಾರಿಯನ್ನು ಸಿಮೆಂಟ್ ಬಹುಮಟ್ಟಿಗೆ ಮುಚ್ಚುತ್ತದೆ. ಒಳಗೇ ಉಳಿದ ನೀರು ಇನ್ನೂ ಮೇಲಕ್ಕೇರುತ್ತದೆ, ಅದರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿಂದ ಒಡೆಯುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರ್ ಹಪ್ಪಳದಂತೆ ಎದ್ದು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಎಲ್ಲರೂ ಬೈಯುವುದು ಹಳೆ ಗೋಡೆಯನ್ನೇ. ಮತ್ತೆ ಸುಣ್ಣದ ಗಾರೆಗೇ ಮರಳಿದರೆ ಅವಸರ ನಡೆಯುವುದಿಲ್ಲ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಸುಣ್ಣಕಲ್ಲಾಗುತ್ತದೆ. ಆದ್ದರಿಂದ ತೆಳುವಾಗಿ ಒಂದು ಪದರ ಬಳಿದು, ಅದು ಬಿಗಿಯುವವರೆಗೆ ಕಾದು, ಆಮೇಲೆ ಇನ್ನೊಂದನ್ನು ಬಳಿಯಬೇಕು. ನಿಧಾನ ಇಲ್ಲಿ ಮನೆಯವರ ಚಟವಲ್ಲ, ಸುಣ್ಣದ ಗುಣ.

ಬಿರುಕಿನ ವಿಷಯದಲ್ಲೂ ಅಷ್ಟೆ. ಬಿರುಕು ಕಂಡರೆ ಮನೆ ಕುಸಿಯುತ್ತಿದೆ ಎಂದು ಹೆದರುವವರಿದ್ದಾರೆ, ಪುಟ್ಟಿ ತುಂಬಿ ಮರೆಯುವವರೂ ಇದ್ದಾರೆ. ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರುವುದಿಲ್ಲ. ಧಾರವಾಡ, ವಿಜಯಪುರದ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲೆ ನಿಂತ ಗೋಡೆಯೂ ಋತುವಿಗೆ ತಕ್ಕಂತೆ ಅಲುಗುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆದಿಟ್ಟು ಒಂದು ಬೇಸಿಗೆ, ಒಂದು ಮಳೆಗಾಲ ಕಾಯುವುದು ಎಂಜಿನಿಯರುಗಳ ಹಳೆಯ ಉಪಾಯ: ಗಾಜು ಸೀಳಿದರೆ ಗೋಡೆ ಅಲುಗಿದೆ ಎಂದರ್ಥ. ಮೂರು ತಿಂಗಳ ಕಂಟ್ರಾಕ್ಟಿನಲ್ಲಿ ಈ ಪರೀಕ್ಷೆಗೆ ಜಾಗವೇ ಇಲ್ಲ.

ಬಿಡಿಬಿಡಿಯಾಗಿ ಮಾಡಿದರೆ ಖರ್ಚು ಹೆಚ್ಚು ಎನ್ನುವ ಆಕ್ಷೇಪದಲ್ಲಿ ಹುರುಳಿದೆ. ಸಾರುವೆ ಎರಡೆರಡು ಸಲ ಕಟ್ಟಬೇಕು, ವರ್ಷ ವರ್ಷವೂ ಕೂಲಿ ಏರುತ್ತದೆ. ಗೆದ್ದಲು ತಿಂದ ತೊಲೆ, ವಾಲಿದ ಗೋಡೆ, ಸವೆದ ವಿದ್ಯುತ್ ತಂತಿ ಇವು ಕಾಯುವ ಬಾಬತ್ತುಗಳೂ ಅಲ್ಲ. ವೈರಿಂಗನ್ನೂ ನೀರಿನ ಪೈಪನ್ನೂ ಗಾರೆಗೆ ಮೊದಲೇ ಮುಗಿಸಬೇಕು. ಉಳಿದದ್ದಕ್ಕೆ ಒಂದು ಕ್ರಮವಿದೆ: ಮೊದಲು ಸೂರು, ಆಮೇಲೆ ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರು, ಬಣ್ಣ ಕೊನೆಗೆ. ಈ ಕ್ರಮ ತಪ್ಪಿದರೆ ಒಂದೇ ಸಲ ಮಾಡಿಸಿದ ಕೆಲಸವನ್ನೂ ಎರಡನೇ ಸಲ ಮಾಡಿಸಬೇಕಾಗುತ್ತದೆ, ಉಳಿಸಿದೆವೆಂದುಕೊಂಡ ದುಡ್ಡು ಅಲ್ಲಿ ಹೋಗುತ್ತದೆ.

ಕೆಲಸವೆಲ್ಲ ಮುಗಿಯುವವರೆಗೆ ಮನೆಯ ಸುಖವಿಲ್ಲ ಎಂಬುದನ್ನೂ ಒಪ್ಪುವುದು ಕಷ್ಟ. ಒಂದೇ ಏಟಿಗೆ ಮಾಡಿಸುವವರು ಮನೆಯನ್ನು ಅರಿಯುವ ಮೊದಲೇ ಎಲ್ಲವನ್ನೂ ತೀರ್ಮಾನಿಸಬೇಕು. ಎರಡು ಬೇಸಿಗೆ ಅಲ್ಲೇ ಬದುಕಿದವರಿಗೆ ಸಂಜೆಯ ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ಮಣ್ಣಿನ ದಪ್ಪ ಗೋಡೆಯ ಯಾವ ಕೋಣೆ ಮಧ್ಯಾಹ್ನಕ್ಕೆ ತಂಪು ಎಂಬುದು ಗೊತ್ತಿರುತ್ತದೆ. ಏರ್ ಕಂಡೀಷನರ್‌ಗೆ ಎತ್ತಿಟ್ಟ ಹಣ ಬಾಗಿಲಿನ ಕೆಲಸಕ್ಕೆ ಒದಗುತ್ತದೆ, ಅಷ್ಟರಲ್ಲೇ ಮುಗಿದ ಕೋಣೆಯಲ್ಲಿ ನಿದ್ದೆಯೂ ಆಗಿರುತ್ತದೆ. ಧೂಳಿನ ದೂರಿಗೆ ಮಾತ್ರ ಉತ್ತರವಿಲ್ಲ. ಗೋಡೆ ಕೆರೆಯುವ ದಿನಗಳಲ್ಲಿ ಅಡುಗೆಮನೆ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ ಸಹಿಸಿಕೊಳ್ಳಬೇಕು.