ಹುಗ್ಗಿ ಬ್ಯಾಡ್ರಿ, ರೊಟ್ಟಿ ನೀಡ್ರಿ

ಬಾಗಲಕೋಟೆ ಸೀಮೆಯಲ್ಲಿ ಜೋಳದ ರೊಟ್ಟಿ ದಿನದ ಊಟ, ಗೋದಿ ಹುಗ್ಗಿ ಮರ್ಯಾದೆಯ ಊಟ. ಲಗ್ನವಿರಲಿ, ಕುಬಸವಿರಲಿ, ಬೀಗರು ಬಂದರೆ ಎಲೆಯ ಮೇಲೆ ಹುಗ್ಗಿಯೋ ಹೋಳಿಗೆಯೋ ಮಾದಲಿಯೋ ಬೀಳಲೇಬೇಕು. ಗೋದಿ ತಿನ್ನಲೇಬಾರದ ಸೀಲಿಯಾಕ್ ಕಾಯಿಲೆ ಇರುವವರು ಮನೆಯಲ್ಲಿ ಹೇಗೋ ನಿಭಾಯಿಸುತ್ತಾರೆ. ಪಂಕ್ತಿಯಲ್ಲಿ ಕೂತಾಗಲೇ ಫಜೀತಿ, ಅದಕ್ಕೆ ಅರ್ಧ ಕಾರಣ ನಮ್ಮ ತಪ್ಪು ತಿಳಿವಳಿಕೆ.

“ನಮ್ದು ಜೋಳದ ನಾಡು, ಆ ರೋಗ ನಮಗ ಬರಂಗಿಲ್ಲ”

ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂಬುದು ಸುಳ್ಳು. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದ 23,000ಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿತು. ರೋಗದ ಸುಳಿವು ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ ಸಿಕ್ಕರೆ, ದಕ್ಷಿಣದಲ್ಲಿ 0.10. ರೋಗಕ್ಕೆ ಎಡೆಕೊಡುವ ವಂಶವಾಹಿ ಎರಡೂ ಕಡೆ ಇತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಿನ್ನುವ ಗೋದಿಯ ಪ್ರಮಾಣದಲ್ಲಿ. ನಮ್ಮಲ್ಲೂ ಈಗ ಮುಂಜಾನೆ ಉಪ್ಪಿಟ್ಟು, ರಾತ್ರಿ ಚಪಾತಿ.

“ಒಂದ್ ತುತ್ತಿಗೆ ಏನಾಗತೈತಿ, ತಗೋರಿ”

ಪ್ರೀತಿಯ ಮಾತೇ, ಆದರೆ ಕೇಡಿನ ಮಾತು. ಈ ರೋಗ ಅಜೀರ್ಣವಲ್ಲ. ಗೋದಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರದ ಮೇಲೆ ಬೀಳುತ್ತದೆ. ಅರ್ಧ ಗ್ರಾಂ ಗೋದಿ ಹಿಟ್ಟಿನಲ್ಲಿ ಸುಮಾರು 50 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನವೂ ಅಷ್ಟು ಸೇರಿದರೂ ಕರುಳು ಕೆಡಬಹುದು. ಅವತ್ತು ಹೊಟ್ಟೆ ನೋಯಲಿಲ್ಲ ಎಂದ ಮಾತ್ರಕ್ಕೆ ಒಳಗೆ ಎಲ್ಲ ಸರಿಯಿದೆ ಎಂದೇನಲ್ಲ. ಪ್ರಸಾದಕ್ಕೂ ಇದೇ ಲೆಕ್ಕ: ರವೆಯ ಶಿರಾ ಬದಲು ಹಣ್ಣುಕಾಯಿ ಕೇಳಿ ಪಡೆಯಬಹುದು, ದೇವರು ಮುನಿಯುವುದಿಲ್ಲ.

“ಸದಕ ಗೋದಿ ನಡೀತೈತಿ”

ನಡೆಯುವುದಿಲ್ಲ. ಹುಗ್ಗಿಗೂ ಶಾವಿಗೆಗೂ ಹೆಸರಾದ ಸದಕ, ಅಂದರೆ ಕಪ್ಲಿ ಗೋದಿ, ಹಳೆಯ ತಳಿ ಹೌದು. ಗ್ಲುಟೆನ್ ಅದರಲ್ಲೂ ಇದೆ. ಬಾರ್ಲಿಯೂ ಅಷ್ಟೇ.

“ರೊಟ್ಟಿ ತಿಂದ್ರ ಚಿಂತಿಲ್ಲ”

ಜೋಳ, ಸಜ್ಜೆ, ಅಕ್ಕಿಯಲ್ಲಿ ಈ ಕೇಡು ಮಾಡುವ ಗ್ಲುಟೆನ್ ಇಲ್ಲ. ಆದರೆ ಗಿರಣಿಗೆ ಹೋಗಿ ನೋಡಿ. ನಿಮ್ಮ ಮಾಲದಂಡಿ ಜೋಳ ಸುರಿಯುವ ಮೊದಲು ಅದೇ ಕಲ್ಲಿನಲ್ಲಿ ಯಾರದೋ ಗೋದಿ ಬೀಸಿರುತ್ತದೆ. ಡಬ್ಬಿಗೆ ಮೊದಲು ಬೀಳುವುದು ಆ ಗೋದಿಯ ಉಳಿಕೆ. ಲಗ್ನಕ್ಕೆ ಸಾವಿರ ರೊಟ್ಟಿ ಮಾಡಿಸುವಾಗ ಬಿರಿಯದಿರಲೆಂದು ಹಿಟ್ಟಿಗೆ ಗೋದಿ ಬೆರೆಸುವವರೂ ಉಂಟು. ಸಾರಿನ ಒಗ್ಗರಣೆಯ ಇಂಗು ಇನ್ನೊಂದು ಮೋಸ: ಅನೇಕ ಡಬ್ಬಿ ಇಂಗಿನಲ್ಲಿ ಗೋದಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ, ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಮಿರ್ಚಿ ಭಜಿ ಕಡಲೆಹಿಟ್ಟಿನದೇ, ಆದರೆ ಪೂರಿ ಕರಿದ ಎಣ್ಣೆಯಲ್ಲಿ ತೇಲಿದರೆ ಅದೂ ಬೇಡ. ಹುಗ್ಗಿಯ ಸೌಟು ಅನ್ನದ ಬುಟ್ಟಿಗೆ ಇಳಿಯುವುದನ್ನಂತೂ ಎಲ್ಲರೂ ಕಂಡಿದ್ದೇವೆ.

ಈ ವಿಷಯದಲ್ಲಿ ಬಾದಾಮಿಯ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಮಾರುವ ಅವ್ವಂದಿರೇ ವಾಸಿ ಎನ್ನುತ್ತೇನೆ. “ಗ್ವಾದಿ ಹಿಟ್ಟು ಸೇರ್ಸೀಯೇನಬೇ?” ಎಂದರೆ ಮಾಡಿದವರೇ ಉತ್ತರಿಸುತ್ತಾರೆ. ಹುನಗುಂದದ ಕಡೆ ಹೋದರೆ ಅಮೀನಗಡದ ಕರದಂಟು ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲದ್ದು. ಆದರೂ ಅಂಗಡಿಯಲ್ಲಿ ಒಂದು ಮಾತು ಕೇಳಿಯೇ ಕೊಳ್ಳಿ.

“ಬ್ಯಾಡ ಅಂದ್ರ ಬೀಗರು ಸಿಟ್ಟಾಗ್ತಾರ”

ಎಲೆಯ ಮುಂದೆ ಹೇಳಿದರೆ ಆಗಬಹುದು. ಇಳಕಲ್ಲಿನ ಬೀಗರು ಕುಬಸಕ್ಕೆ ಕರೆಯಲು ಬಂದ ದಿನವೇ ಹೇಳಿಬಿಡಿ: “ಅಕ್ಕಾರ, ನಮ್ಮ ಹುಡುಗಿಗೆ ಗೋದಿ ಆಗಿಬರಂಗಿಲ್ಲ, ಡಾಕ್ಟರು ಬಿಡಿಸ್ಯಾರ. ಅನ್ನ, ಎಣ್ಣೆಗಾಯಿ ಮೊದಲ ತೆಗೆದಿಡ್ರಿ, ರೊಟ್ಟಿ ನಾವ ತರ್ತೀವಿ.” ಮೊದಲ ಪಂಕ್ತಿಯಲ್ಲೇ ಕೂಡಿಸಿ, ಪಾತ್ರೆ ಆಗಿನ್ನೂ ಕಲೆತಿರುವುದಿಲ್ಲ. ಪಂಚಮಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕೊಡಿ, ರವೆ ಉಂಡಿ ಬೇಡ. ಸಂಕ್ರಾಂತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದೇ ಇದೆ.

“ಗೋದಿ ಬಿಟ್ಟೆ, ಹೊಟ್ಟಿ ಹಗುರಾತು. ಟೆಸ್ಟ್ ಯಾಕ?”

ಗೋದಿ ಬಿಟ್ಟ ಮೇಲೆ ಮಾಡಿಸಿದ ಪರೀಕ್ಷೆ ರೋಗವಿದ್ದರೂ ಇಲ್ಲವೆಂದು ತೋರಿಸಬಹುದು. ಆದ್ದರಿಂದ ಮೊದಲು ರಕ್ತಪರೀಕ್ಷೆ, ವೈದ್ಯರು ಹೇಳಿದರೆ ಕರುಳಿನ ಬಯಾಪ್ಸಿ, ಪಥ್ಯ ಆಮೇಲೆ. ರೋಗ ಖಚಿತವಾದರೆ ಪಥ್ಯ ಜೀವನಪೂರ್ತಿ. ಒಡಹುಟ್ಟಿದವರು, ತಂದೆತಾಯಿ, ಮಕ್ಕಳಿಗೂ ಇದು ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅವರೂ ಒಮ್ಮೆ ರಕ್ತ ಕೊಟ್ಟು ನೋಡಿಸಬೇಕು.