ಎರೆಮಣ್ಣಿನ ಸೆಮಿನಾರ್: ವರದಿ ಮೊದಲು, ಸ್ಲೈಡು ಆಮೇಲೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2018ರ ಪಠ್ಯಕ್ರಮದಲ್ಲಿ ಕೊನೆಯ ಸೆಮಿಸ್ಟರಿನ ತಾಂತ್ರಿಕ ಸೆಮಿನಾರಿಗೆ, ಅಂದರೆ ವಿದ್ಯಾರ್ಥಿ ಒಂದು ವಿಷಯವನ್ನು ತಾನೇ ಅಭ್ಯಸಿಸಿ, ಬರೆದು, ಅಧ್ಯಾಪಕರ ಮುಂದೆ ಮಂಡಿಸುವ ಉಪನ್ಯಾಸಕ್ಕೆ, ನೀಡಿದ ಅಂಕಗಳಲ್ಲಿ ಅರ್ಧ ಪಾಲು ಲಿಖಿತ ವರದಿಗೂ ಕಾಲು ಪಾಲು ಮಂಡನೆಗೂ ಉಳಿದ ಕಾಲು ಪಾಲು ಪ್ರಶ್ನೋತ್ತರಕ್ಕೂ ಮೀಸಲಾಗಿತ್ತು. ಇದು ಸರಿಯಾದ ಹಂಚಿಕೆಯೇ. ಆದರೆ ಎಷ್ಟೋ ವಿದ್ಯಾರ್ಥಿಗಳ ದುಡಿಮೆ ಇದಕ್ಕೆ ತಿರುಗುಮುರುಗಾಗಿ ಸಾಗುತ್ತದೆ. ಮೊದಲು ಪಿಪಿಟಿ ಸಿದ್ಧವಾಗುತ್ತದೆ, ವರದಿ ಸಲ್ಲಿಸುವ ಹಿಂದಿನ ದಿನ ಯಾರದೋ ಹಳೆಯ ಪ್ರತಿ ಹೊಸ ಮುಖಪುಟ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಆಗುತ್ತದೆ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರುಗಳಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರುವವರ ಪಾಲಿಗೆ ಇದರ ಮೂಲ ಸೋಮಾರಿತನವಲ್ಲ, ಇಂಗ್ಲಿಷಿನ ಅಳುಕು. ವಿಷಯವನ್ನು ತಮ್ಮ ನೆಲದಿಂದಲೇ ಆರಿಸಿಕೊಂಡು, ಮೊದಲ ಕರಡನ್ನು ಕನ್ನಡದಲ್ಲೇ ಬರೆದು, ವಿಚಾರ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತರುವುದಾದರೆ ನಕಲಿನ ಅಗತ್ಯವೇ ಬಹಳಷ್ಟು ತಗ್ಗುತ್ತದೆ.

ಸಿಂಧನೂರು, ಮಸ್ಕಿ ಸೀಮೆಯ ಎರೆಭೂಮಿಯನ್ನೇ ತೆಗೆದುಕೊಳ್ಳಬಹುದು. ಬೇಸಿಗೆಯಲ್ಲಿ ಬಾಯಿ ಬಿಡುವ ಈ ಮಣ್ಣು ಮಳೆಗೆ ಉಬ್ಬಿ ಮನೆಯ ಗೋಡೆಯನ್ನೂ ರಸ್ತೆಯನ್ನೂ ಸೀಳುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಳ್ಳುವುದೇ ಅದಕ್ಕೆ ಕಾರಣ. ಈ ಗುಣವನ್ನು ಅಳೆಯುವ 'ಮುಕ್ತ ಉಬ್ಬು ಸೂಚ್ಯಂಕ'ದ ಪರೀಕ್ಷೆ ಸರಳವಾಗಿದೆ: 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, 24 ಗಂಟೆ ಬಿಟ್ಟು ಗಾತ್ರ ನೋಡಬೇಕು. ಸೀಮೆಎಣ್ಣೆಯಲ್ಲಿ 10, ನೀರಿನಲ್ಲಿ 16 ಮಿಲಿಲೀಟರ್ ಬಂದರೆ ಸೂಚ್ಯಂಕ ಶೇ 60 ಆಗುತ್ತದೆ. ಈ ಉಬ್ಬನ್ನು ತಗ್ಗಿಸುವ ಪರಿಹಾರವೂ ಹತ್ತಿರದಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಹೊಟ್ಟು ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಸಿಗುತ್ತದೆ. ಅದನ್ನು ಹದವಾಗಿ ಸುಟ್ಟಾಗ ಉಳಿಯುವ, ಸಿಲಿಕಾ ತುಂಬಿದ ಬೂದಿಯನ್ನು ಸುಣ್ಣದೊಡನೆ ಬೆರೆಸಿದರೆ ನೀರಿನ ಸಂಗದಲ್ಲಿ ಅವೆರಡೂ ಬೆಸೆದು ಮಣ್ಣನ್ನು ಹಿಡಿದಿಡುತ್ತವೆ. ಇದನ್ನು ಪೊಜೊಲಾನಿಕ್ ಕ್ರಿಯೆ ಎನ್ನುತ್ತಾರೆ. ಸಮಸ್ಯೆ, ಅಳತೆ, ಪರಿಹಾರ ಮೂರೂ ಊರಿನ ಸುತ್ತಲೇ ಇರುವಾಗ ವರದಿಯ ಅಧ್ಯಾಯಗಳು ತಾವಾಗಿಯೇ ಸಾಲುಗೊಳ್ಳುತ್ತವೆ.

ವರದಿಯ ಬೆಲೆ ಎಂಥದೆಂಬುದಕ್ಕೆ ಮಸ್ಕಿಯಲ್ಲೇ ಸಾಕ್ಷಿಯಿದೆ. ಅಲ್ಲಿನ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದ್ದರಿಂದಲೇ ಶಾಸನಗಳಲ್ಲಿ ಬರುವ 'ದೇವಾನಾಂಪಿಯ'ನೆಂದರೆ ಅಶೋಕನೇ ಎಂಬುದು ವಿದ್ವತ್ ಲೋಕಕ್ಕೆ ಖಚಿತವಾಯಿತು.

ವರದಿ ಮುಗಿದ ಮೇಲೆ ಅದರಿಂದ ಸ್ಲೈಡುಗಳನ್ನು ಹೆಕ್ಕಿ ತೆಗೆಯಬೇಕು. ಎರೆಮಣ್ಣಿನ ಪರೀಕ್ಷೆಗೆ ಒಂದೇ ಸ್ಲೈಡು ಸಾಕು: 24 ಗಂಟೆಯ ನಂತರ ಅಕ್ಕಪಕ್ಕ ನಿಂತ ಎರಡು ಜಾಡಿಗಳ ಫೋಟೊ, ಅದರಡಿ ಎರಡು ಅಂಕಿ, ಏಕಮಾನ, ಮಣ್ಣು ತಂದ ಹೊಲದ ಊರು. ವಿಧಾನವನ್ನು ಬಾಯಲ್ಲಿ ಹೇಳಬೇಕೇ ಹೊರತು ಪರದೆಯ ಮೇಲೆ ಪ್ಯಾರಾಗಟ್ಟಲೆ ಬರೆದು, ಸಭೆಗೆ ಬೆನ್ನು ತಿರುಗಿಸಿ ಓದಬಾರದು. ಹಿಂದಿನ ಬೆಂಚಿನಿಂದ ಓದಲಾಗದ ಕೋಷ್ಟಕಕ್ಕೆ ವರದಿಯೇ ಸರಿಯಾದ ಜಾಗ.

ಸಲ್ಲಿಸುವ ಮುನ್ನ ಪ್ರತಿ ಚಿತ್ರಕ್ಕೂ ಸಂಖ್ಯೆ ಮತ್ತು ಮೂಲ, ಸರ್ಟಿಫಿಕೇಟ್ ಪುಟದಲ್ಲಿ ಗೈಡ್ ಮತ್ತು ವಿಭಾಗ ಮುಖ್ಯಸ್ಥರ ಸಹಿ ಇವೆಯೇ ಎಂದು ನೋಡಬೇಕು. ಕಾಲೇಜಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಚೆದುರುವುದರಿಂದ ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೂ ಇರಬೇಕು. ಕೊನೆಗೆ ಪ್ರಶ್ನೋತ್ತರ. ಸೀಮೆಎಣ್ಣೆಯನ್ನೇ ಏಕೆ ಬಳಸಿದಿರಿ ಎಂದು ಪರೀಕ್ಷಕರು ಕೇಳಿದಾಗ, ಅದು ಜೇಡಿಯ ಪದರಗಳ ನಡುವೆ ನೀರಿನಂತೆ ಸೇರಿ ಮಣ್ಣನ್ನು ಉಬ್ಬಿಸುವುದಿಲ್ಲವಾದ್ದರಿಂದ ಹೋಲಿಕೆಗೆ ಒದಗುತ್ತದೆ ಎಂಬ ಉತ್ತರವನ್ನು ಜಾಡಿ ಹಿಡಿದು ನೋಡಿದ ವಿದ್ಯಾರ್ಥಿ ಹರಕು ಇಂಗ್ಲಿಷಿನಲ್ಲಾದರೂ ತಡವರಿಸದೆ ಕೊಡಬಲ್ಲ.