ಹಬ್ಬ ಮುಗಿಸಿ ಸೈಕಲ್ ಹತ್ತುವುದು ಎಲ್ಲಿ?

ನಮ್ಮ ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕ ಸೇರಿದರೆ ಶರದೃತು. ಯುರೋಪಿನಲ್ಲಾಗಲಿ ಜಪಾನಿನಲ್ಲಾಗಲಿ ಸೈಕಲ್ ಪ್ರವಾಸಕ್ಕೆ ಒಳ್ಳೆಯ ಕಾಲವೂ ಹೆಚ್ಚುಕಡಿಮೆ ಇದೇ. ಬೇಸಿಗೆಯ ಸೆಕೆ ಇಳಿದಿರುತ್ತದೆ, ಪ್ರವಾಸಿಗರ ನೂಕುನುಗ್ಗಲು ತಗ್ಗಿರುತ್ತದೆ, ಮರಗಳ ಎಲೆ ಬಣ್ಣ ತಿರುಗಿರುತ್ತದೆ. ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಹಬ್ಬಗಳೆಲ್ಲ ತಡವಾಗಿವೆ. ಕಳೆದ ವರ್ಷ ನರಕ ಚತುರ್ದಶಿ ಅಕ್ಟೋಬರ್ 20ಕ್ಕಿತ್ತು, ಈ ವರ್ಷ ನವೆಂಬರ್ 8ಕ್ಕೆ. ಈ ಹತ್ತೊಂಬತ್ತು ದಿನಗಳ ವ್ಯತ್ಯಾಸವೇ ನಮ್ಮ ಮನೆಯ ಸೈಕಲ್ ಪ್ರವಾಸವನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿತು.

ಪುಣೆ, ಮುಂಬೈ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಶಾಲೆಗಳಿಗೆ ದಸರೆಯಲ್ಲಿ ದೊಡ್ಡ ರಜೆ, ಮಹಾರಾಷ್ಟ್ರದಲ್ಲಿ ದೀಪಾವಳಿಗೆ. ಧಾರವಾಡದಲ್ಲಿ ಅಕ್ಕನ ಮಕ್ಕಳು ರಜೆಯಲ್ಲಿರುವಾಗ ಇಲ್ಲಿ ಏಳನೆಯ ತರಗತಿಯ ನನ್ನ ಮಗಳಿಗೆ ಪರೀಕ್ಷೆ. ಹೀಗಾಗಿ ಊರಿನ ಹಬ್ಬಕ್ಕೂ ಇದೇ ರಜೆ, ದೂರದ ಪ್ರವಾಸಕ್ಕೂ ಇದೇ ರಜೆ. ವಿದೇಶದ ಮಾತೆತ್ತಿದಾಗ ಅವ್ವ ಕೇಳಿದ್ದು ಒಂದೇ: “ಹಬ್ಬಕ್ಕ ಬರ್ತೀರೋ ಇಲ್ಲೋ, ಅದನ್ನ ಮೊದ್ಲ ಹೇಳು.”

ಅಪ್ಪನಿಗೆ ಈಗ ಎಪ್ಪತ್ತೈದು. ಎಲ್ಲರೂ ಕೂಡಿ ಇನ್ನೆಷ್ಟು ದೀಪಾವಳಿ ಮಾಡುತ್ತೇವೆ ಎಂಬ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದು ಎಲ್ಲರ ಮನಸ್ಸಿನಲ್ಲೂ ಇದೆ. ಆದ್ದರಿಂದ ದೇಶ ಯಾವುದೆಂದು ಗೊತ್ತಾಗುವ ಮೊದಲೇ ಒಂದು ತೀರ್ಮಾನವಾಯಿತು: ನವೆಂಬರ್ 10ರ ಬಲಿಪಾಡ್ಯಮಿವರೆಗೆ ಧಾರವಾಡ, ಆಮೇಲೆ ಉಳಿದದ್ದು. ಪುಣೆಗೆ ಮರಳಿ ಚೀಲ ಕಟ್ಟುವಷ್ಟರಲ್ಲಿ 12 ಆಗುತ್ತದೆ. 23ಕ್ಕೆ ಶಾಲೆ ತೆರೆಯುತ್ತದೆ. ವಿಮಾನದ ದಿನಗಳನ್ನು ಕಳೆದರೆ ಕೈಗೆ ಸಿಗುವುದು ಎಂಟು ದಿನ.

ಐ.ಟಿ.ಯವರ ಮನೆಯಲ್ಲಿ ಎಲ್ಲ ಚರ್ಚೆಯೂ ಕೊನೆಗೆ ಎಕ್ಸೆಲ್ ಹಾಳೆಗೆ ಬಂದು ನಿಲ್ಲುತ್ತದೆ. ನಮ್ಮ ಹಾಳೆಯಲ್ಲಿ ಮೂರೇ ಪ್ರಶ್ನೆ ಇಟ್ಟೆವು. ನಾವು ಹೋಗುವ ವಾರದಲ್ಲಿ ಅಲ್ಲಿ ಹವೆ ಹೇಗಿರುತ್ತದೆ? ನಮ್ಮಲ್ಲಿ ಎಲ್ಲರಿಗಿಂತ ನಿಧಾನ ತುಳಿಯುವವರು ದಿನಕ್ಕೆ ಎಷ್ಟು ದೂರ ಹೋಗಬಲ್ಲರು? ರಸ್ತೆಯಲ್ಲಿ ಹನ್ನೆರಡು ವರ್ಷದ ಹುಡುಗಿಯನ್ನು ನೆಮ್ಮದಿಯಿಂದ ಬಿಡಬಹುದೇ? ಎರಡನೆಯ ಪ್ರಶ್ನೆಗೆ ಉತ್ತರ ಮನೆಯಲ್ಲೇ ಇತ್ತು. ಕೊತ್ರೂಡಿನಿಂದ ಖಡಕ್‌ವಾಸ್ಲಾಕ್ಕೆ ಹೋಗಿಬಂದರೆ ಸುಮಾರು 30 ಕಿ.ಮೀ. ಭಾನುವಾರ ಬೆಳಿಗ್ಗೆ ಅಷ್ಟು ತುಳಿದ ಮೇಲೂ ಮಗಳಿಗೆ ಮಾತಾಡಲು ಉಸಿರಿರುತ್ತದೆ. ಮಾರನೆಯ ದಿನವೂ ಅಷ್ಟೇ ತುಳಿಯಬೇಕೆಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಅಲ್ಲಿಗೆ ದಿನದ ಮಿತಿ 30, ಎರಡನೆಯ ದಿನ ಅದಕ್ಕಿಂತ ಕಡಿಮೆ.

ಬಿಟ್ಟುಕೊಟ್ಟ ನದಿ

ನನ್ನ ಮನಸ್ಸಿನಲ್ಲಿ ವರ್ಷಗಳಿಂದ ಇದ್ದದ್ದು ಡ್ಯಾನ್ಯೂಬ್. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ನದಿಯ ದಂಡೆಯಲ್ಲೇ 320 ಕಿ.ಮೀ.ಗೂ ಸ್ವಲ್ಪ ಹೆಚ್ಚು ಸೈಕಲ್ ದಾರಿ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6ರ ಒಂದು ತುಂಡು ಇದು. ನೀರು ಹರಿಯುವ ದಿಕ್ಕಿಗೇ ಸಾಗುವುದರಿಂದ ಏರು ಇಲ್ಲವೆನ್ನುವಷ್ಟು ಕಡಿಮೆ. ಮೆಲ್ಕ್‌ನ ದೊಡ್ಡ ಮಠ ದಾಟಿದರೆ ವಾಹಾವ್ ಕಣಿವೆ. ದ್ರಾಕ್ಷಿ ತೋಟಗಳ ಆ ಪ್ರದೇಶ 2000ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ದ್ರಾಕ್ಷಿ ಕೊಯ್ಲು.

ನಮಗೆ ಸಿಗುವುದು ನವೆಂಬರ್ ಮಧ್ಯಭಾಗ. ಆಗ ವಿಯೆನ್ನಾದಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನದ ಉಷ್ಣಾಂಶ 8 ಡಿಗ್ರಿ ಆಸುಪಾಸು. ನದಿ ದಾಟಿಸುವ ಸಣ್ಣ ದೋಣಿಗಳಲ್ಲಿ, ದಾರಿಯ ವಸತಿಗಳಲ್ಲಿ ಹಲವು ಅಕ್ಟೋಬರ್ ಕೊನೆಗೇ ಬಾಗಿಲು ಹಾಕುತ್ತವೆ. ದಿನಕ್ಕೆ 30 ಕಿ.ಮೀ. ಲೆಕ್ಕದಲ್ಲಿ ಪೂರ್ತಿ ದಾರಿಗೆ ಹನ್ನೊಂದು ದಿನ ಬೇಕು. ಷೆಂಗೆನ್ ವೀಸಾ ಶುಲ್ಕ ತಲೆಗೆ 90 ಯೂರೊ. ಮಕ್ಕಳ ಅರ್ಧ ಶುಲ್ಕದ ವಯಸ್ಸನ್ನು ನನ್ನ ಮಗಳು ದಾಟಿಯಾಗಿದೆ. ಇಷ್ಟೆಲ್ಲ ಕೊಟ್ಟು ಚಳಿಯಲ್ಲಿ ನಡುಗುತ್ತ ಅರ್ಧ ದಾರಿ ತುಳಿಯುವುದಕ್ಕೆ ಹೆಂಡತಿ ಒಪ್ಪಲಿಲ್ಲ. ಲೆಕ್ಕದ ಹಾಳೆಯೂ ಅವಳ ಪಕ್ಷವೇ.

ಹತ್ತಿರದ ದೇಶಗಳು

ಹತ್ತಿರ ಎಂದರೆ ಮೊದಲು ನೆನಪಾಗುವುದು ಶ್ರೀಲಂಕಾ. ಆದರೆ ಅಕ್ಟೋಬರ್–ನವೆಂಬರ್ ಅಲ್ಲಿ ಎರಡು ಮಾನ್ಸೂನ್‌ಗಳ ನಡುವಿನ ಕಾಲ; ದ್ವೀಪದ ಬಹುಭಾಗದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ವಿಯೆಟ್ನಾಂನ ಹೊಯಾನ್, ಹುಯೆ ಕಡೆ ಸೈಕಲ್ ತುಳಿಯಲು ಗದ್ದೆ ಬಯಲಿನ ಚೆಂದದ ದಾರಿಗಳಿವೆ. ಆದರೆ ಆ ಮಧ್ಯ ಕರಾವಳಿಗೆ ನೆರೆ ಬರುವ ತಿಂಗಳುಗಳೂ ಇವೇ. ದಕ್ಷಿಣ ಕೊರಿಯಾದಲ್ಲಿ ಇಂಚಿಯಾನ್‌ನಿಂದ ಬೂಸಾನ್‌ವರೆಗೆ ನದಿಗಳ ಗುಂಟ 633 ಕಿ.ಮೀ. ದಾರಿ ಇದೆ. ಅದು ಗಟ್ಟಿ ಕಾಲಿನವರಿಗೆ, ನವೆಂಬರ್‌ಗಿಂತ ಅಕ್ಟೋಬರ್‌ಗೆ ಹೇಳಿಸಿದ್ದು.

ಆರು ದ್ವೀಪಗಳ ದಾರಿ

ಉಳಿದದ್ದು ಜಪಾನಿನ ಶಿಮಾನಾಮಿ ಕಾಯ್ದೊ. ಹೊನ್ಶು ದ್ವೀಪದ ಒನೊಮಿಚಿ ಊರಿನಿಂದ ಶಿಕೊಕು ದ್ವೀಪದ ಇಮಾಬಾರಿವರೆಗೆ, ಸೆಟೊ ಒಳಸಮುದ್ರದ ಆರು ದ್ವೀಪಗಳನ್ನು ಸೇತುವೆಗಳಿಂದ ಹೊಲಿದ ದಾರಿ. ಒಟ್ಟು ಉದ್ದ ಸುಮಾರು 70 ಕಿ.ಮೀ. 1999ರಲ್ಲಿ ಸೇತುವೆಗಳ ಸರಣಿ ಪೂರ್ತಿಯಾದಾಗ ಸೈಕಲ್‌ಗೂ ಪ್ರತ್ಯೇಕ ಜಾಗ ಕೊಟ್ಟೇ ಕಟ್ಟಿದ್ದರು. ಇನ್ನೊಶಿಮಾ ಸೇತುವೆಯಲ್ಲಂತೂ ಕಾರುಗಳು ಮೇಲಂತಸ್ತಿನಲ್ಲಿ, ಸೈಕಲ್‌ಗಳು ಕೆಳಗೆ. ದ್ವೀಪದ ರಸ್ತೆಗಳಲ್ಲಿ ಅಂಚಿಗೆ ನೀಲಿ ಗೆರೆ ಎಳೆದಿದ್ದಾರೆ, ಅದನ್ನು ಹಿಡಿದು ಹೋದರೆ ಸಾಕು. ಸೇತುವೆ ಏರುವ ದಾರಿಯನ್ನು ಸುತ್ತಿಸಿ ಬಳಸಿ ಕಟ್ಟಿರುವುದರಿಂದ ಏರು ಸುಮಾರು ಶೇ. 3 ಮಾತ್ರ, ನೂರು ಮೀಟರ್ ಹೋದರೆ ಮೂರು ಮೀಟರ್ ಮೇಲೆ.

ಮೂರು ಪ್ರಶ್ನೆಗಳಿಗೂ ಇದು ಒಗ್ಗಿತು. ಚಂಡಮಾರುತಗಳ ಕಾಟ ಜೋರಾಗಿರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ನವೆಂಬರ್ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ, ಹಗಲಿನ ಉಷ್ಣಾಂಶ 17ರ ಆಸುಪಾಸು, ಸೂರ್ಯಾಸ್ತ ಐದರ ಮೇಲೆ. ದ್ವೀಪಗಳ ಗುಡ್ಡಗಳಲ್ಲಿ ಕಿತ್ತಳೆ ಹಣ್ಣಾಗುವ ಕಾಲವೂ ಅದೇ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುವ ದಾರಿಯನ್ನು ನಾವು ಮೂರು ದಿನಕ್ಕೆ ಹಂಚಿದ್ದೇವೆ. ಮೊದಲ ದಿನ ಸೆತೊದಾವರೆಗೆ 30, ಉಳಿದ 40 ಎರಡು ದಿನಕ್ಕೆ. ಕೊನೆಯದು ಕುರುಶಿಮಾ ಜಲಸಂಧಿಯ ಮೇಲಿನ ಸುಮಾರು 4 ಕಿ.ಮೀ. ಉದ್ದದ ತೂಗುಸೇತುವೆಗಳ ಸಾಲು. ಎಲ್ಲಕ್ಕಿಂತ ದೊಡ್ಡ ಸಮಾಧಾನ, ಜಪಾನಿನಲ್ಲೂ ನಮ್ಮಂತೆ ಎಡಬದಿ ಸಂಚಾರ. ಮಗಳು ಪುಣೆಯಲ್ಲಿ ಕಲಿತ ಅಭ್ಯಾಸವನ್ನು ಅಲ್ಲಿ ತಿರುವಿಹಾಕಬೇಕಿಲ್ಲ.

ಸೈಕಲ್ ಹೊತ್ತೊಯ್ಯುವ ತಾಪತ್ರಯವೂ ಇಲ್ಲ. ಒನೊಮಿಚಿಯಲ್ಲಿ ಬಾಡಿಗೆಗೆ ಪಡೆದ ಸಾಧಾರಣ ಸೈಕಲನ್ನು ಇಮಾಬಾರಿಯಲ್ಲಿ ಬಿಡಬಹುದು. ನಡುವೆ ಯಾರಿಗಾದರೂ ಸುಸ್ತಾದರೆ ದ್ವೀಪಗಳಲ್ಲೂ ಒಪ್ಪಿಸುವ ಕೇಂದ್ರಗಳಿವೆ. ಒಸಾಕಾದಿಂದ ಫುಕುಯಾಮಾಕ್ಕೆ ಶಿಂಕಾನ್ಸೆನ್ ರೈಲಿನಲ್ಲಿ ಒಂದು ಗಂಟೆಯ ದಾರಿ, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಒನೊಮಿಚಿ.

ಎರಡು ಎಚ್ಚರಿಕೆಗಳಿವೆ. ಒಂದು, ಸೈಕಲ್ ಮೇಲೆ ಕೈಯಲ್ಲಿ ಮೊಬೈಲ್ ಹಿಡಿಯುವುದು ಅಲ್ಲಿ 2024ರ ನವೆಂಬರ್‌ನಿಂದ ಕಠಿಣ ಶಿಕ್ಷೆಯ ಅಪರಾಧ. ಹೆಲ್ಮೆಟ್ ಧರಿಸಲು ಪ್ರಯತ್ನಿಸಬೇಕೆಂದು ಎಲ್ಲ ವಯಸ್ಸಿನವರಿಗೂ 2023ರಿಂದ ಕಾನೂನೇ ಹೇಳುತ್ತದೆ. ಇನ್ನೊಂದು, ಊಟ. ಸಸ್ಯಾಹಾರಿ ಎಂದು ಕಾಣುವ ಸಾರಿನಲ್ಲೂ ಮೀನಿನ ದಾಶಿ ಇರುವುದು ಸಾಮಾನ್ಯ. ನನ್ನ ಹೆಂಡತಿ ಶುದ್ಧ ಸಸ್ಯಾಹಾರಿ. ಬಿಳಿ ಅನ್ನ, ತೋಫು, ಹಣ್ಣು ಎಲ್ಲೆಡೆ ಸಿಗುತ್ತದೆ. ಉಳಿದದ್ದಕ್ಕೆ ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುವ ಜವಾಬ್ದಾರಿ ಅವ್ವನದು. ಹಬ್ಬಕ್ಕೆ ಹೋಗುತ್ತಿರುವುದರಿಂದ ಅದಕ್ಕೂ ದಾರಿಯಾಯಿತು.

ನೀವೂ ಇಂಥ ಯೋಚನೆಯಲ್ಲಿದ್ದರೆ ನನ್ನ ಸಲಹೆ ಇಷ್ಟೇ. ಫೋಟೊ ನೋಡಿ ದೇಶ ಆರಿಸಬೇಡಿ. ಮೊದಲು ಪಂಚಾಂಗ ನೋಡಿ, ಆಮೇಲೆ ಆ ವಾರದ ಹವೆ, ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ನಿಧಾನ ತುಳಿಯುವವರ ಕಾಲು. ಈ ಮೂರನ್ನೂ ದಾಟಿ ಉಳಿದ ಊರು ಮೊದಲು ಆಸೆಪಟ್ಟದ್ದು ಆಗಿರಲಿಕ್ಕಿಲ್ಲ, ಆದರೆ ಮನೆಮಂದಿಯೆಲ್ಲ ಕೂಡಿ ತಲುಪುವಂಥದ್ದು ಆಗಿರುತ್ತದೆ.

ಡ್ಯಾನ್ಯೂಬ್ ಎಲ್ಲಿಗೂ ಓಡಿಹೋಗುವುದಿಲ್ಲ. 2028ರಲ್ಲಿ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 17ಕ್ಕೆ. ಆಗ ಮಗಳಿಗೆ ಹದಿನಾಲ್ಕು. ದಿನಕ್ಕೆ 50 ಕಿ.ಮೀ. ತುಳಿಯಬಹುದೆಂದು ಹಾಳೆಯಲ್ಲಿ ಈಗಲೇ ಬರೆದಿಟ್ಟಿದ್ದಾಳೆ.